ಬನಪ್ಪನ ಖಾಲಿ ಮಗ್ಗ

ಈ ಕಥೆಯನ್ನು ನನ್ನಷ್ಟು ಚೆನ್ನಾಗಿ ಹೇಳುವವರು ಹೊಳೆಯ ಈ ದಂಡೆಯಲ್ಲಿ ಯಾರೂ ಇಲ್ಲ. ಆ ದಂಡೆಯಲ್ಲಿ ಒಬ್ಬನಿದ್ದ. ನಾನು ಹೇಳಿದ್ದನ್ನು ಕೇಳಿದ ಮೇಲೆ ಅವನು ಕಥೆ ಹೇಳುವುದನ್ನೇ ಬಿಟ್ಟು ಎಮ್ಮೆ ಕಟ್ಟಿದ.

ಹೊಳೆಯ ದಂಡೆಗೆ ಒಂದು ಸಣ್ಣ ಮಠ. ಮಠದಲ್ಲಿ ಒಬ್ಬರೇ ಒಬ್ಬರು ಮುದುಕರು. ಹೆಸರಿತ್ತೋ ಇಲ್ಲವೋ, ಊರೆಲ್ಲ ಅವರನ್ನು ಅಜ್ಜ ಎನ್ನುತ್ತಿತ್ತು.

ಅಜ್ಜ ಎಷ್ಟು ಕಡಿಮೆ ಮಾತಾಡುತ್ತಿದ್ದರೆಂದರೆ, ಮಠದ ಗಿಳಿ ಒಂದು ಮಾತೂ ಕಲಿಯಲಾಗದೆ ಬೇಸತ್ತು ಬೇರೆ ಊರಿಗೆ ಹೋಯಿತು. ಸುಳ್ಳಲ್ಲ. ಆ ಗಿಳಿಯನ್ನು ನಾನು ಸಂತೆಯಲ್ಲಿ ನೋಡಿದ್ದೇನೆ. ಈಗ ಚೆನ್ನಾಗಿ ಮಾತಾಡುತ್ತದೆ.

ಊರು ನೇಕಾರರದು. ಅಲ್ಲಿ ಎಲ್ಲರಿಗಿಂತ ಒಳ್ಳೆಯ ಸೀರೆ ನೇಯುತ್ತಿದ್ದವನು ಬನಪ್ಪ. ಅವನು ಸೆರಗಿನಲ್ಲಿ ನೇಯ್ದ ನವಿಲನ್ನು ನೋಡಲು ನಿಜವಾದ ನವಿಲೊಂದು ಕಿಟಕಿಗೆ ಬಂದು ಕುಳಿತು, ನಾಚಿಕೊಂಡು ಹೋಯಿತು.

ಎಲ್ಲರಿಗಿಂತ ಹೆಚ್ಚು ಸಾಲ ಮಾಡಿದವನೂ ಬನಪ್ಪನೇ.

ಒಬ್ಬರ ಸಾಲ ತೀರಿಸಲು ಇನ್ನೊಬ್ಬರ ಹತ್ತಿರ ತಂದ. ಅವರದನ್ನು ತೀರಿಸಲು ಮತ್ತೊಬ್ಬರ ಹತ್ತಿರ. ಹೀಗೆ ಏಳು ಜನ ಆದರು. ಎಂಟನೆಯವರು ಆ ಊರಲ್ಲಿ ಇರಲಿಲ್ಲ.

ಒಂದು ದಿನ ಏಳೂ ಜನ ಒಟ್ಟಿಗೆ ಮುಂಬಾಗಿಲಿಗೆ ಬಂದರು. ಬನಪ್ಪ ಹಿತ್ತಲ ಬಾಗಿಲಿನಿಂದ ಓಡಿ ಮಠಕ್ಕೆ ಬಂದ.

"ಅಜ್ಜಾರ, ಉಪದೇಶ ಕೊಡ್ರಿ. ಸನ್ಯಾಸಿ ಆಗ್ತೀನಿ."

"ಎಷ್ಟು ಮಂದಿ ಬೆನ್ನು ಹತ್ಯಾರ?"

"ಏಳು ಮಂದಿ."

"ಸನ್ಯಾಸಿ ಹಿಂದ ಏಳು ಮಂದಿ ಓಡಿ ಬಂದ್ರ ಅದು ಮೆರವಣಿಗಿ ಆಗ್ತೈತಿ. ಕುಂದ್ರು."

ಏಳು ಜನ ಏದುಸಿರು ಬಿಡುತ್ತ ಬಂದರು. ಮೊದಲು ಬಂದದ್ದು ಧೂಳಪ್ಪ ಸಾವ್ಕಾರರ ಮೀಸೆ. ಸ್ವಲ್ಪ ಹೊತ್ತಿನ ಮೇಲೆ ಧೂಳಪ್ಪ ಸಾವ್ಕಾರರೂ ಬಂದರು. ಅವರದೇ ಎಲ್ಲಕ್ಕಿಂತ ದೊಡ್ಡ ಬಾಕಿ.

ಅಜ್ಜ ಏಳು ಜನಕ್ಕೂ ಮಜ್ಜಿಗೆ ಕೊಟ್ಟರು. ಬನಪ್ಪನನ್ನು ನಡುವೆ ಕೂರಿಸಿದರು.

"ಇವನ್ನ ಹಂಚಿಕೊಳ್ರಿ," ಎಂದರು.

"ಅಂದ್ರ?" ಎಂದರು ಧೂಳಪ್ಪ.

"ನಿಮ್ಮ ಬಾಕಿ ದೊಡ್ಡದು. ಮೊದಲು ನೀವ ತಗೋರಿ. ಏನು ಬೇಕು? ಕೈ? ಕಾಲು?"

ಧೂಳಪ್ಪ ಮೀಸೆ ತಿರುವಿ ಯೋಚನೆ ಮಾಡಿದರು. "ಕೈ."

"ಕೈ ನೀವು ಒಯ್ದ್ರ ಲಾಳಿ ಓಡೂದಿಲ್ಲ. ಉಳದ ಆರು ಮಂದಿಗೆ ಏನು?"

"ಹಂಗಾದ್ರ ಕಾಲು ನನಗ," ಎಂದ ಇನ್ನೊಬ್ಬ.

"ಕಾಲು ಒಯ್ದ್ರ ಮಗ್ಗ ತುಳಿಯೂದು ಯಾರು?"

ಬನಪ್ಪ ತನ್ನ ಕೈಕಾಲು ಮುಟ್ಟಿ ನೋಡಿಕೊಂಡ.

"ಇಡಿಯಾಗಿ ಬಿಟ್ರ ಎಲ್ಲಾರಿಗೂ ಬರ್ತೈತಿ," ಎಂದರು ಅಜ್ಜ. "ತುಂಡು ಮಾಡಿದ್ರ ಯಾರಿಗೂ ಇಲ್ಲ."

ಅವತ್ತು ಒಂದು ಕರಾರು ಆಯಿತು. ಹುಣ್ಣಿಮೆಗೊಮ್ಮೆ ಬನಪ್ಪ ತನ್ನ ಗಳಿಕೆಯಲ್ಲಿ ಹೊಟ್ಟೆಗೆ ಮತ್ತು ನೂಲಿಗೆ ತೆಗೆದಿಟ್ಟು, ಉಳಿದದ್ದನ್ನು ಮಠಕ್ಕೆ ತರಬೇಕು. ಏಳು ಜನ ಅಲ್ಲೇ ಕುಳಿತು ಬಾಕಿಗೆ ತಕ್ಕಂತೆ ಹಂಚಿಕೊಳ್ಳಬೇಕು. ಬಡ್ಡಿ ಅಂದಿಗೇ ನಿಲ್ಲಬೇಕು. ಅವನ ಬಾಗಿಲು ಯಾರೂ ಬಡಿಯಬಾರದು.

"ನನಗೇನು ಕಟ್ಟು, ಅಜ್ಜಾರ?" ಎಂದ ಬನಪ್ಪ.

"ಕಡೀ ಹುಣ್ಣಿವಿ ಮುಗಿಯೂತನಕ ಯಾರ ಹಂತ್ಯಾಕೂ ಹೊಸ ಸಾಲ ಮಾಡಬ್ಯಾಡ."

"ಆತ್ರಿ. ಮತ್ತ ಉಪದೇಶ?"

"ಸಾಲ ತೀರಿದ ದಿನ. ಒಂದ ಮಾತು."

ಬನಪ್ಪ ಅದಕ್ಕೂ ಒಪ್ಪಿದ.

ಆಮೇಲೆ ಅವನು ದುಡಿದದ್ದನ್ನು ಹೇಳಲು ಹೊರಟರೆ ನನ್ನಂಥವನಿಗೂ ಒಂದು ವಾರ ಬೇಕು. ಅವನ ಲಾಳಿ ಓಡುವ ಸದ್ದು ಕೇಳಿ ಊರಿನ ಕೋಳಿಗಳು ಏಳುತ್ತಿದ್ದವು. ಅದು ನಿಂತ ಮೇಲೆ ನಾಯಿಗಳು ಮಲಗುತ್ತಿದ್ದವು.

ವರ್ಷಗಳು ಹೋದವು. ಒಂದು ಹುಣ್ಣಿಮೆಯೂ ತಪ್ಪಲಿಲ್ಲ. ಒಮ್ಮೆ ಹೊಳೆ ಉಕ್ಕಿ ಮಠದ ಅಂಗಳ ಮುಳುಗಿತ್ತು. ಬನಪ್ಪ ಚೀಲವನ್ನು ತಲೆಯ ಮೇಲಿಟ್ಟುಕೊಂಡು ಕುತ್ತಿಗೆಮಟ್ಟದ ನೀರಲ್ಲಿ ಬಂದ. ಏಳು ಜನ ಮಠದ ಮಾಳಿಗೆಯ ಮೇಲೆ ಕೊಕ್ಕರೆಗಳ ಹಾಗೆ ಕಾಯುತ್ತಿದ್ದರು. ಅವರೂ ಒಂದು ಹುಣ್ಣಿಮೆ ತಪ್ಪಿಸಿದವರಲ್ಲ.

ಕೊನೆಗೆ ಎರಡೇ ಹುಣ್ಣಿಮೆಯ ಬಾಕಿ ಉಳಿಯಿತು.

ಅವತ್ತು ಏಳು ಜನ ತಮ್ಮ ಪಾಲು ತೆಗೆದುಕೊಂಡು ಹೋದ ಮೇಲೆ ಬನಪ್ಪ ಹೊಳೆಯ ಮೆಟ್ಟಿಲ ಮೇಲೆ ಅಜ್ಜನ ಪಕ್ಕ ಕುಳಿತ.

"ಇನ್ನ ಎರಡ ಹುಣ್ಣಿವಿ, ಅಜ್ಜಾರ."

"ಹೂಂ."

"ಆ ಮಾತು ಈಗ ಹೇಳಿಬಿಡ್ರಲ್ಲ. ಎರಡಕ್ಕೇನಾತು?"

"ಸೀರಿ ನೇಯುವಾಗ ಕಡೀ ಎರಡು ಮೊಳ ಬಿಟ್ಟು ಮಾರ್ತಿಯೇನು?"

"ಇಲ್ರಿ."

ಅಜ್ಜ ನೀರಲ್ಲಿ ಕಾಲು ಆಡಿಸಿದರು.

"ಇವತ್ತ ಚೀಲ ಭಾರ ಇತ್ತಲ್ಲ, ಬನಪ್ಪಾ."

"ನೂಲಿನ ದುಡ್ಡೂ ಸೇರಿಸಿ ಹಾಕೇನ್ರಿ. ಲಗೂನ ಮುಗೀಲಿ ಅಂತ."

"ಮುಂದಿನ ಸೀರಿಗೆ ನೂಲು?"

ಬನಪ್ಪ ಆಗ ಯೋಚಿಸಿದ. ಅಷ್ಟರಲ್ಲಿ ಏಳು ಜನ ಹಂಚಿಕೊಂಡು ಮನೆ ಸೇರಿದ್ದರು. ಏಳು ಜನ ಒಯ್ದದ್ದನ್ನು ತಿರುಗಿ ತರುವುದು ಹೊಳೆಯನ್ನು ಗುಡ್ಡ ಹತ್ತಿಸಿದ ಹಾಗೆ. ನಾನಾಗಿದ್ದರೆ ಹತ್ತಿಸುತ್ತಿದ್ದೆ. ಬನಪ್ಪನಿಗೆ ಆ ವಿದ್ಯೆ ಬರುತ್ತಿರಲಿಲ್ಲ.

"ಹೆಂಗಾದ್ರೂ ಮಾಡ್ತೀನ್ರಿ," ಎಂದ. "ಮುಗಸೇ ಮುಗಸ್ತೀನಿ."

ಅಜ್ಜ ನೀರಿನಿಂದ ಕಾಲು ತೆಗೆದು ಎದ್ದರು.

ಮಗ್ಗದ ಮೇಲಿದ್ದ ಸೀರೆ ಮುಗಿಯುತ್ತ ಬಂತು. ಒಂದು ಮಧ್ಯಾಹ್ನ ಬನಪ್ಪ ಕೊನೆಯ ಗೇಣು ನೇಯುತ್ತಿದ್ದ. ಹೆಂಡತಿ ಶಾಕವ್ವ ಪಕ್ಕದಲ್ಲಿ ಕುಳಿತು ಲಾಳಿಯ ಕಡ್ಡಿಗಳಿಗೆ ನೂಲು ಸುತ್ತುತ್ತಿದ್ದಳು. ಅದಕ್ಕೆ ಕಂಡಿಕೆ ಸುತ್ತುವುದು ಎನ್ನುತ್ತಾರೆ.

ಬಾಗಿಲಲ್ಲಿ ಮೀಸೆ ಕಾಣಿಸಿತು.

"ಬಾಗಲಾ ಬಡದಿಲ್ಲ ನೋಡಪಾ," ಎಂದರು ಧೂಳಪ್ಪ ಸಾವ್ಕಾರರು. "ತೆರದಿತ್ತು, ಬಂದೆ."

"ಬರ್ರಿ ಸಾವ್ಕಾರ್ರ. ಕುಂದರ್ರಿ."

ಧೂಳಪ್ಪ ಕುಳಿತರು. ಮೀಸೆಯೂ ಕುಳಿತಿತು.

"ಬನಪ್ಪಾ, ಇಷ್ಟು ವರ್ಷದಾಗ ನೀ ಒಂದ ಹುಣ್ಣಿವಿ ತಪ್ಪಿಸಲಿಲ್ಲ. ಊರಾಗ ನಿನ್ನಷ್ಟು ನಂಬಿಗಸ್ತ ಯಾರೂ ಇಲ್ಲ. ನಿನ್ನಂಥಾವಗ ಸಾಲ ಕೊಡದ ಮತ್ಯಾರಿಗೆ ಕೊಡ್ಲಿ?"

ಶಾಕವ್ವ ಸುತ್ತುವುದನ್ನು ನಿಲ್ಲಿಸಲಿಲ್ಲ. "ಈಜು ಕಲತಾನಂತ ಹೊಳ್ಳಿ ಹೊಳಿಗೆ ನೂಕಾಕ ಬಂದೀರೇನ್ರಿ, ಅಣ್ಣಾರ?"

"ಸಾಲ ಅಲ್ಲ ತಂಗಿ. ಕೈಗಡ."

"ಕೈಗಡಕ್ಕ ಬಡ್ಡಿ ಇಲ್ಲೇನ್ರಿ?"

"ಬಡ್ಡಿ ಅಂತ ಯಾಕ ಕರೀತಿ? ನನ್ನ ಮೀಸಿಗೆ ಎಣ್ಣಿ ಖರ್ಚು ಅಂತ ತಿಳಕೋ."

"ಆ ಮೀಸಿಗೆ ಎಣ್ಣಿ ಅಂದ್ರ ಗಾಣ ಬೇಕಾಗ್ತೈತಿ," ಎಂದಳು ಶಾಕವ್ವ.

ಧೂಳಪ್ಪ ಬನಪ್ಪನ ಕಡೆ ತಿರುಗಿದರು. "ಉಳದ ಎರಡೂ ಹುಣ್ಣಿವಿದು ನಾ ಕೊಡ್ತೀನಿ. ಬರೂ ಹುಣ್ಣಿವಿಗೇ ಆರೂ ಮಂದಿದು ಮುಗಸು. ನನ್ನೊಬ್ಬನ್ನ ಇಟಗೋ. ಮ್ಯಾಲ ರೇಷ್ಮಿ ನೂಲೂ ಕೊಡ್ತೀನಿ. ಮದುವಿ ಸೀರಿ ನೇಯಿ."

"ಅಜ್ಜಾರ ಕಟ್ಟು ಐತ್ರಿ."

"ಅಜ್ಜಾರು ಸಾಲ ಮಾಡಬ್ಯಾಡ ಅಂದಾರ. ಮಗ್ಗ ಖಾಲಿ ಇಡು ಅಂದಾರೇನು?"

ಈ ಮಾತು ಬನಪ್ಪನ ಎದೆಗೆ ನೇರವಾಗಿ ಹೋಯಿತು.

ನೇಕಾರರಲ್ಲದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಸೀರೆ ಮುಗಿದ ಮೇಲೆ ಅದನ್ನು ಕತ್ತರಿಸಿ ತೆಗೆಯುತ್ತಾರೆ. ಆದರೆ ಹಾಸಿನ, ಅಂದರೆ ಮಗ್ಗದ ಉದ್ದಕ್ಕೆ ಹರಡಿದ ಎಳೆಗಳ, ತುದಿಯನ್ನು ಬಾಚಣಿಗೆಯಂಥ ಹಣಿಗೆಯಲ್ಲಿ ಹಾಗೇ ಬಿಡುತ್ತಾರೆ. ಆ ಒಂದೊಂದು ತುದಿಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಬೆರಳಲ್ಲಿ ಹೊಸೆದು ಸೇರಿಸುತ್ತಾರೆ. ಕೆಚ್ಚುವುದು ಎಂದರೆ ಅದು. ಹಾಗೆ ಮಾಡಿದರೆ ಸಾವಿರಾರು ಎಳೆಗಳನ್ನು ಮತ್ತೆ ಮೊದಲಿನಿಂದ ಪೋಣಿಸುವ ಕಷ್ಟವಿಲ್ಲ. ಮಗ್ಗವೂ ಖಾಲಿಯಾಗುವುದಿಲ್ಲ.

ಖಾಲಿ ಮಗ್ಗ ಮನೆಗೆ ಆಗದು ಎಂದು ಆ ಊರಿನ ನಂಬಿಕೆ. ಬನಪ್ಪನ ಮಗ್ಗ ಅವನ ಮುತ್ತಾತನ ಕಾಲದಿಂದ ಖಾಲಿಯಾಗಿರಲಿಲ್ಲ. ಮುತ್ತಾತನ ಎಳೆಗೆ ತಾತ ಕೆಚ್ಚಿದ. ತಾತನ ಎಳೆಗೆ ಅಪ್ಪ. ಅಪ್ಪನ ಎಳೆಗೆ ಬನಪ್ಪ.

"ನಿಮ್ಮ ಮುತ್ಯಾನಿಂದ ನಡದು ಬಂದ ಹಾಸು," ಎಂದರು ಧೂಳಪ್ಪ. "ನಿನ್ನ ಕೈಯಾಗ ಕಡೀಬೇಕೇನು?"

ಸಂಜೆ ಹೊತ್ತಿಗೆ ನೂಲಿನ ಗಂಟು ಬನಪ್ಪನ ಮನೆಯಲ್ಲಿತ್ತು.

ಶಾಕವ್ವ ಆ ಗಂಟನ್ನು ನೋಡಿದಳು. ಗಂಡನನ್ನು ನೋಡಿದಳು. ಅವತ್ತು ಅವಳು ಮಾಡಿದ ಸಾರಿಗೆ ಹಾಕಿದ ಖಾರಕ್ಕೆ ಓಣಿಯ ಬೆಕ್ಕುಗಳೆಲ್ಲ ಸೀನಿದವು.

ಬನಪ್ಪ ಸೀರೆ ಮುಗಿಸಿ ತೆಗೆದು, ಹೊಸ ಹಾಸು ಸಿದ್ಧಮಾಡಿ, ಹಳೆಯ ತುದಿಗಳಿಗೆ ಅರ್ಧದಷ್ಟು ಕೆಚ್ಚಿದ. ಆಮೇಲೆ ಮಠಕ್ಕೆ ಓಡಿದ.

"ಅಜ್ಜಾರ, ಬರೂ ಹುಣ್ಣಿವಿಗೇ ಎಲ್ಲಾ ಮುಗೀತೈತಿ. ಆ ಮಾತು ತಯಾರು ಇಟಗೋರಿ."

"ಹೆಂಗ ಮುಗೀತೈತಿ?"

"ಧೂಳಪ್ಪ ಸಾವ್ಕಾರ್ರು ಕೊಡ್ತಾರ್ರಿ. ಏಳು ಬಾಯಿ ಹೋಗಿ ಒಂದ ಬಾಯಿ ಆಗ್ತೈತಿ."

"ಏಳು ಬಾಯಿ ಕೂಡಿ ಆದ ಬಾಯಿ ಎಷ್ಟು ದೊಡ್ಡದು ಇರಬೇಕು," ಎಂದರು ಅಜ್ಜ.

"ಅದು ಸಾಲ ಅಲ್ರಿ, ಕೈಗಡ."

ಅಜ್ಜ ಎದ್ದು ನಿಂತರು. ಕೋಲು ತೆಗೆದುಕೊಂಡರು.

"ನಡಿ. ನಿನ್ನ ಮಗ್ಗ ನೋಡೂಣು."

ಅಜ್ಜ ಮಠ ಬಿಟ್ಟು ಓಣಿಗೆ ಬಂದದ್ದನ್ನು ಊರು ನೋಡಿರಲೇ ಇಲ್ಲ. ಓಣಿಯಲ್ಲಿ ಮಗ್ಗಗಳೆಲ್ಲ ನಿಂತವು. ಒಬ್ಬ ಕ್ಷೌರಿಕ ಅರ್ಧ ಗಡ್ಡ ಬೋಳಿಸಿ ನೋಡುತ್ತ ನಿಂತ. ಆ ಗಿರಾಕಿಯ ಉಳಿದರ್ಧ ಗಡ್ಡ ಅಲ್ಲೇ ಎರಡು ಬೆರಳು ಬೆಳೆಯಿತು.

ಅಜ್ಜ ಒಳಗೆ ಬಂದು ಮಗ್ಗದ ಹತ್ತಿರ ಬಗ್ಗಿದರು. ಒಂದು ಎಳೆಯನ್ನು ಹಣಿಗೆಯ ಹತ್ತಿರ ಹಿಡಿದರು.

"ಇದು ಯಾರದು?"

"ಹಳೇ ಹಾಸಿಂದು. ನಂದ್ರಿ."

ಅದೇ ಎಳೆಯನ್ನು ಮಾರುದ್ದ ಆಚೆ ಹಿಡಿದರು.

"ಇದು?"

"ಧೂಳಪ್ಪ ಸಾವ್ಕಾರ್ರದು."

"ನಿಂದು ಎಲ್ಲಿ ಮುಗೀತು? ಅವರದು ಎಲ್ಲಿ ಹತ್ತಿತು?"

ಬನಪ್ಪ ನಕ್ಕ. ಅವನ ಜಂಬ ಅದೊಂದೇ. "ನಾ ಕೆಚ್ಚಿದ್ದು ದೇವರಿಗೂ ಕಾಣೂದಿಲ್ರಿ."

"ನಾ ದೇವರನ್ನ ಕೇಳಲಿಲ್ಲ."

ಬನಪ್ಪ ಎಳೆಯ ಮೇಲೆ ಬೆರಳು ಎಳೆದ. ಸಿಗಲಿಲ್ಲ. ಬೆಳಕಿಗೆ ಹಿಡಿದು ನೋಡಿದ. ಇನ್ನೊಂದು ಎಳೆ ಹಿಡಿದ. ಇನ್ನೊಂದು.

"ಸಿಗವೊಲ್ದು, ಅಜ್ಜಾರ."

"ಯಾರು ಕೆಚ್ಚಿದ್ದು?"

"ನಾನ."

ಅಜ್ಜ ಎಳೆಯನ್ನು ಬಿಟ್ಟರು. ಅದು ಮೆಲ್ಲಗೆ ನಡುಗಿ ನಿಂತಿತು.

"ಏಳು ಮಂದಿ ಆದ್ರಲ್ಲ. ಮೊದಲನೇ ಸಾಲ ಯಾತಕ್ಕ ಮಾಡಿದ್ದಿ, ಬನಪ್ಪಾ?"

ಬನಪ್ಪ ಬೆರಳು ಮಡಚಿ ಏಳು ಜನರನ್ನೂ ಹಿಂದಕ್ಕೆ ಎಣಿಸಿದ. ಹೆಂಡತಿಯ ಕಡೆ ನೋಡಿದ. ಅವಳೂ ತಲೆ ಅಲ್ಲಾಡಿಸಿದಳು.

"ನೆನಪಿಲ್ರಿ," ಎಂದ.

ಅಜ್ಜ ಕೋಲು ಊರಿಕೊಂಡು ಹೊರಟುಹೋದರು.

ಬನಪ್ಪ ಮಗ್ಗದ ಕಡೆ ತಿರುಗಿದ.

"ಶಾಕವ್ವಾ," ಎಂದ, "ಕತ್ತರಿ ಎಲ್ಲೈತಿ?"

ಕತ್ತರಿ ಆಗಲೇ ಅವಳ ಕೈಯಲ್ಲಿತ್ತು.

ಬನಪ್ಪ ಕತ್ತರಿಸಿದ. ಕೆಚ್ಚಿದ್ದನ್ನಷ್ಟೇ ಅಲ್ಲ. ಹಣಿಗೆಯ ಹಲ್ಲುಗಳ ನಡುವೆ ಉಳಿದಿದ್ದ ಹಳೆಯ ತುದಿಗಳನ್ನೂ ಒಂದೊಂದಾಗಿ ಎಳೆದು ತೆಗೆದ. ಮುತ್ತಾತ, ತಾತ, ಅಪ್ಪನಿಂದ ನಡೆದು ಬಂದ ಹಾಸಿನ ಕೊನೆಯ ತುದಿಗಳವು. ಎಲ್ಲ ಸೇರಿ ಒಂದು ಹಿಡಿಯಾಯಿತು.

"ಇದನ್ನೇನು ಮಾಡ್ಲಿ?" ಎಂದಳು ಶಾಕವ್ವ.

"ದೀಪಕ್ಕ ಬತ್ತಿ ಮಾಡು."

ನೂಲಿನ ಗಂಟು ಹೊತ್ತುಕೊಂಡು ಅವನು ಧೂಳಪ್ಪ ಸಾವ್ಕಾರರ ಮನೆಗೆ ಹೋದ. ಅವರು ಗಂಟು ಬಿಚ್ಚಿ ನೋಡಿದರು.

"ತುದಿ ಕಡದಾವಲ್ಲೋ. ತೂಕ ಕಡಿಮಿ ಬರ್ತೈತಿ."

"ಅದರ ಬದಲಿ ನಿಮ್ಮ ಮನ್ಯಾಗ ಕಂಡಕಿ ಸುತ್ತಿ ಕೊಡ್ತೀನ್ರಿ. ಅದು ತೀರಿದ ಮ್ಯಾಲ ಕೂಲಿ ಕೊಡ್ರಿ. ಹುಣ್ಣಿವಿಗೆ ಬೇಕು."

"ಕಂಡಕಿ? ನೀನು?" ಧೂಳಪ್ಪ ಎದ್ದು ಕುಳಿತರು. "ಸೆರಗಿನಾಗ ನವಿಲು ಕುಣಿಸಾವ, ಹೆಂಗಸರ ನಡುವ ಕಂಡಕಿ ಸುತ್ತತಿ?"

"ಹೂಂನ್ರಿ. ನಾನ."

"ಕೂಲಿ ಮಗ್ಗ ಎಲ್ಲೂ ಸಿಗಲಿಲ್ಲೇನು?"

"ಮದುವಿ ಕಾಲ. ಎಲ್ಲಾ ಮಗ್ಗದಾಗೂ ಮಂದಿ ಅದಾರ."

"ಖಾಲಿ ಮಗ್ಗದಾಗ ದೆವ್ವ ಬಂದು ಕುಂದರ್ತಾವಪಾ. ನೋಡಿಕೋ."

"ಬರ್ಲಿ. ಬಾಡಗಿ ಕೇಳ್ತೀನಿ."

ಧೂಳಪ್ಪ ಏನೋ ಹೇಳಲು ಹೊರಟರು. ಮೀಸೆ ತಡೆಯಿತು.

ಆ ಮುಗಿದ ಸೀರೆಯನ್ನು ಮಾರಿ ಬಂದದ್ದರಲ್ಲಿ ಒಂದು ಹುಣ್ಣಿಮೆ ದಾಟಿತು. ಉಳಿದದ್ದು ಒಂದೇ.

ಬನಪ್ಪ ದಿನವೂ ಧೂಳಪ್ಪನವರ ಪಡಸಾಲೆಗೆ ಹೋಗಿ ಹೆಂಗಸರ ನಡುವೆ ಕುಳಿತು ಕಂಡಿಕೆ ಸುತ್ತಿದ. ಮೊದಮೊದಲು ಅವನ ರಾಟೆ ಎಲ್ಲರಿಗಿಂತ ಹಿಂದೆ ಬೀಳುತ್ತಿತ್ತು.

"ಬನಪ್ಪಣ್ಣಾ," ಎಂದಳು ಒಬ್ಬ ಮುದುಕಿ, "ಮೈ ನೋಡಿದ್ರ ಎತ್ತು, ನೂಲು ಸುತ್ತೂದು ಇರವಿ ಹಂಗ."

"ಕಲಸು ಅತ್ತಿ. ಕಲೀತೀನಿ."

"ಕಲಸಿದ್ರ ಏನು ಕೊಡ್ತಿ?"

"ಈಗ ಏನೂ ಇಲ್ಲ. ಕಡ ಮಾಡಾಂಗಿಲ್ಲ."

ಪಡಸಾಲೆ ತುಂಬ ನಗು. ಆದರೂ ಮುದುಕಿ ಕಲಿಸಿದಳು. ತಿಂಗಳು ತುಂಬುವ ಹೊತ್ತಿಗೆ ಬನಪ್ಪನ ರಾಟೆ ಎಷ್ಟು ಜೋರಾಗಿ ತಿರುಗುತ್ತಿತ್ತೆಂದರೆ, ಅದರ ಗಾಳಿಗೆ ಧೂಳಪ್ಪನವರು ಬೀಸಣಿಗೆ ಬೀಸಲು ಇಟ್ಟಿದ್ದ ಆಳನ್ನು ಬಿಡಿಸಿದರು.

ಮನೆಗೆ ಬಂದರೆ ಮಗ್ಗ ಖಾಲಿ. ಊರು ಅದನ್ನೇ ಆಡಿಕೊಂಡಿತು. ಅತ್ತ ಹಾದು ಹೋಗುವವರು ಕಿಟಕಿಯಲ್ಲಿ ಇಣುಕಿ, ತಮ್ಮ ಮಕ್ಕಳ ಕಣ್ಣು ಮುಚ್ಚುತ್ತಿದ್ದರು.

ಒಂದು ಸಂಜೆ ಬನಪ್ಪ ಮಗ್ಗದ ಮುಂದೆ ಸುಮ್ಮನೆ ಕುಳಿತಿದ್ದ. ಶಾಕವ್ವ ಬಂದು ಪಕ್ಕಕ್ಕೆ ಕುಳಿತಳು.

"ಏನು ನೋಡ್ತಿ? ದೆವ್ವ ಬಂತೇನು?"

"ಇಲ್ಲ. ಗ್ವಾಡಿ ಕಾಣತೈತಿ."

"ಯಾವ ಗ್ವಾಡಿ?"

"ಮಗ್ಗದ ಹಿಂದಿಂದು. ನಡುವ ಬಿರುಕು ಬಿಟ್ಟೈತಿ ನೋಡು. ಇಷ್ಟು ವರ್ಷ ಹಾಸು ಅಡ್ಡ ಇತ್ತು, ಕಂಡಿದ್ದಿಲ್ಲ."

ಶಾಕವ್ವ ನೋಡಿದಳು. ಒಂದು ಗುಬ್ಬಿ ಆ ಬಿರುಕಿನಲ್ಲಿ ಸಂಸಾರ ಹೂಡಿತ್ತು.

"ನಮ್ಮ ಮನ್ಯಾಗ ಬಾಡಗಿ ಕೊಡದ ಇರಾವರು ಇವರ," ಎಂದಳು.

ಬನಪ್ಪ ಮಾರನೆಯ ದಿನ ಮಣ್ಣು ಕಲಸಿ ಬಿರುಕು ಮುಚ್ಚಿದ. ಗುಬ್ಬಿಗೆ ಬೊಗಸೆಯಷ್ಟು ಜಾಗ ಬಿಟ್ಟ. ಆಮೇಲೆ ಕಂಡಿಕೆ ಸುತ್ತಲು ಹೋದ.

ಕೊನೆಯ ಹುಣ್ಣಿಮೆ ಬಂತು.

ಊರಿಗೆ ಊರೇ ಮಠದ ಅಂಗಳದಲ್ಲಿತ್ತು. ಬನಪ್ಪನ ಸಾಲ ತೀರುವುದನ್ನು ನೋಡಲು ಅಲ್ಲ. ಅಜ್ಜ ಹೇಳಲಿರುವ ಒಂದು ಮಾತನ್ನು ಕೇಳಲು. ಕಾಶಿಯಿಂದ ತಂದ ಮಂತ್ರ ಎಂದು ಕೆಲವರು. ಹೊಳೆಯಲ್ಲಿ ಹೂತಿಟ್ಟ ನಿಧಿಯ ಜಾಗ ಎಂದು ಕೆಲವರು. ಜಾಗ ಸಿಗದೆ ನಾನು ಬೇವಿನ ಮರದ ಕಡೆ ನೋಡಿದೆ. ಮರವೇ ಬಗ್ಗಿ ನನ್ನನ್ನು ಎತ್ತಿಕೊಂಡಿತು.

ಏಳು ಜನ ಒಬ್ಬರ ಪಕ್ಕ ಒಬ್ಬರು ಕುಳಿತರು. ಬನಪ್ಪ ಒಬ್ಬೊಬ್ಬರ ಮುಂದೆ ಮಂಡಿಯೂರಿ, ಎಲೆ ಅಡಿಕೆಯ ಮೇಲೆ ಅವರ ಪಾಲು ಇಟ್ಟು ಕೊಟ್ಟ.

"ಮುಟ್ಟಿತು," ಎಂದ ಮೊದಲನೆಯವ.

"ಮುಟ್ಟಿತು," ಎಂದ ಎರಡನೆಯವ.

ಕೊನೆಯದು ಧೂಳಪ್ಪನವರ ಸರದಿ. ಅವರು ಎಲೆಯನ್ನು ಕೈಯಲ್ಲಿ ಹಿಡಿದು ಸುಮ್ಮನೆ ಕುಳಿತರು.

"ಯಾಕ್ರಿ ಸಾವ್ಕಾರ್ರ, ಕಡಿಮಿ ಬಿತ್ತೇನು?" ಎಂದ ಬನಪ್ಪ.

"ಕಡಿಮಿ ಇಲ್ಲೋ." ಧೂಳಪ್ಪ ಮೂಗು ಒರೆಸಿಕೊಂಡರು. "ಹುಣ್ಣಿವಿ ಬಂದ್ರ ಇಲ್ಲಿಗೆ ಬರೂದು ರೂಢಿ ಆಗಿತ್ತು. ಮಜ್ಜಿಗಿ ಭಾಳ ಚಲೋ ಇರ್ತಿತ್ತು."

"ಮುಟ್ಟಿತು ಅನ್ರಿ ಅಣ್ಣಾರ," ಎಂದಳು ಶಾಕವ್ವ, ಹೆಂಗಸರ ನಡುವಿನಿಂದ.

"ಮುಟ್ಟಿತು," ಎಂದರು ಧೂಳಪ್ಪ. ಮೀಸೆ ಇಳಿಬಿದ್ದಿತ್ತು. "ಅಜ್ಜಾರ, ಮುಂದಿನ ಹುಣ್ಣಿವಿಗೆ ನಾವೆಲ್ಲಿ ಮಜ್ಜಿಗಿ ಕುಡಿಯೂದು?"

"ಮನ್ಯಾಗ," ಎಂದರು ಅಜ್ಜ.

ಬನಪ್ಪ ಎದ್ದು ಅಜ್ಜನ ಮುಂದೆ ಬಂದು ಕೈಮುಗಿದು ನಿಂತ. ಅವನ ತಲೆ ಬೆಳ್ಳಗಾಗಿತ್ತು. ಬೆನ್ನು ನೆಟ್ಟಗಿತ್ತು.

"ಮುಗೀತ್ರಿ, ಅಜ್ಜಾರ."

"ಇಲ್ಲ," ಎಂದರು ಅಜ್ಜ. "ಊರಾಗ ಇನ್ನೊಬ್ಬ ಸಾಲಗಾರ ಉಳದಾನ."

"ಯಾರ್ರಿ?"

"ನಾನು. ನಿನಗೊಂದು ಮಾತು ಕೊಡೂದೈತಿ."

ಅಂಗಳದಲ್ಲಿ ಎಲ್ಲರೂ ಕಿವಿಯ ಹಿಂದೆ ಕೈ ಇಟ್ಟರು.

ಅಜ್ಜ ಕೋಲು ತೆಗೆದುಕೊಂಡು ಎದ್ದರು. ಬನಪ್ಪನ ಮನೆಯ ಕಡೆ ನಡೆದರು. ಹಿಂದೆ ಬನಪ್ಪ. ಹಿಂದೆ ಶಾಕವ್ವ. ಅವರ ಹಿಂದೆ ಏಳು ಜನ, ಅವರ ಹಿಂದೆ ಊರು, ಊರಿನ ಹಿಂದೆ ನಾನು ಮತ್ತು ಬೇವಿನ ಮರ.

ಅಜ್ಜ ಖಾಲಿ ಮಗ್ಗದ ಹತ್ತಿರ ಕುಳಿತರು. ಹಣಿಗೆಯ ಹಲ್ಲುಗಳ ನಡುವೆ ಕೈಬೆರಳು ಆಡಿಸಿದರು. ಒಂದು ಎಳೆಯೂ ತಾಗಲಿಲ್ಲ.

"ನೂಲು ಐತೇನು?"

ಬನಪ್ಪ ತಲೆ ತಗ್ಗಿಸಿದ. ಕೂಲಿಯ ದುಡ್ಡೆಲ್ಲ ಏಳು ಎಲೆಗಳ ಮೇಲೆ ಹೋಗಿತ್ತು.

ಶಾಕವ್ವ ಒಳಗೆ ಹೋದಳು. ಸೆರಗಿನಲ್ಲಿ ಏನೋ ಮುಚ್ಚಿಕೊಂಡು ಬಂದಳು. ಬಿಳಿ ಹತ್ತಿನೂಲಿನ ಒಂದು ಸಣ್ಣ ಲಡಿ.

"ಇದೆಲ್ಲೀದು?" ಎಂದ ಬನಪ್ಪ.

"ನಾನೂ ಓಣ್ಯಾಗ ಕಂಡಕಿ ಸುತ್ತೇನಿ. ನೀ ಒಬ್ಬನ ಕಲತಿ ಅಂತ ತಿಳದಿಯೇನು?"

ಅಜ್ಜ ಲಡಿಯನ್ನು ಕೈಯಲ್ಲಿ ತೂಗಿ ನೋಡಿದರು.

"ಎಷ್ಟಕ್ಕ ಆಗ್ತೈತಿ?"

"ಕೈ ಒರಸೂ ಅರಿವಿ ಆದೀತ್ರಿ," ಎಂದ ಬನಪ್ಪ. "ಸೆರಗಿಲ್ಲ. ನವಿಲಿಲ್ಲ."

"ಯಾರದು?"

ಬನಪ್ಪ ಹಿಂದೆ ತಿರುಗಿ ನೋಡಿದ. ರೂಢಿ ಅದು. ಬಾಗಿಲಲ್ಲಿ ಏಳು ಜನ ನಿಂತಿದ್ದರು.

"ನಂದಲ್ಲಪಾ," ಎಂದರು ಧೂಳಪ್ಪ ಸಾವ್ಕಾರರು.

"ನಂದಲ್ಲ," ಎಂದ ಇನ್ನೊಬ್ಬ.

ಯಾರೂ ತಮ್ಮದು ಎನ್ನಲಿಲ್ಲ.

ಬನಪ್ಪ ಶಾಕವ್ವನನ್ನು ನೋಡಿದ.

"ನಮ್ದು, ಅಜ್ಜಾರ," ಎಂದ.

ಅಜ್ಜ ಲಡಿಯನ್ನು ಅವನ ಕೈಗೆ ಕೊಟ್ಟರು. ಬನಪ್ಪ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿದ. ಎರಡು ಬೆರಳಿನಲ್ಲಿ ಒಂದು ಎಳೆಯನ್ನು ಎತ್ತಿ ಹಿಡಿದ.

"ತುದಿ ಸಿಕ್ಕಿತೇನು?"

"ಸಿಕ್ಕಿತ್ರಿ."

ಅಜ್ಜ ಕೋಲು ಊರಿ ಎದ್ದು, ಹೊಸ್ತಿಲ ಹತ್ತಿರ ಹೋಗಿ, ಒಮ್ಮೆ ತಿರುಗಿದರು.

"ನೇಯಿ."